ಥಂಡರ್‌ಬರ್ಡ್‌ನಲ್ಲಿ ಸಹಿ ಆಗ್ತಿಲ್ವಾ? ಕೀ ಎಲ್ಲಿದೆ ನೋಡಿ
ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಡಿಜಿಟಲ್ ಸಹಿ ಆಗುತ್ತೆ, ಥಂಡರ್‌ಬರ್ಡ್ ಅನ್ನೋ ಇಮೇಲ್ ಪ್ರೋಗ್ರಾಂಗೆ ಮಾತ್ರ ಸಹಿ ಹಾಕೋ ಕೀ ಕಾಣ್ತಿಲ್ಲ ಅಂದ್ರಲ್ಲ, ನಿಮ್ಮ ಕೀ ಕೆಟ್ಟಿಲ್ಲ ಬಿಡಿ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಈ ಕೆಲಸಕ್ಕೆ ಬೇಕಿದ್ದ ಎನಿಗ್‌ಮೇಲ್ ಆಡ್‌ಆನ್ ಹೋಗಿ, ಓಪನ್‌ಪಿಜಿಪಿ (ಮೇಲ್‌ಗೆ ಸಹಿ ಹಾಕೋ, ಗುಪ್ತಗೊಳಿಸೋ ಪದ್ಧತಿ) ಥಂಡರ್‌ಬರ್ಡ್ ಒಳಗೇ ಸೇರಿಕೊಂಡಿದೆ. ಥಂಡರ್‌ಬರ್ಡ್‌ಗೆ ಈಗ ತನ್ನದೇ ಕೀ ಗೊಂಚಲು. ಸಾಮಾನ್ಯವಾಗಿ ಗ್ನೂಪಿಜಿ (ಟರ್ಮಿನಲ್‌ನಲ್ಲಿ ಸಹಿ ಹಾಕೋ ಪ್ರೋಗ್ರಾಂ) ಕಡೆ ತಿರುಗಿಯೂ ನೋಡಲ್ಲ.

ಹಾಗಾಗಿ ಖಾಸಗಿ ಕೀಯನ್ನು (ಸಹಿ ಹಾಕೋಕೆ ಬಳಸೋ, ಗುಟ್ಟಾಗಿಡಬೇಕಾದ ಕೀ) ಗ್ನೂಪಿಜಿಯಿಂದ ಫೈಲಿಗೆ ಎಕ್ಸ್‌ಪೋರ್ಟ್ ಮಾಡಿ, ಥಂಡರ್‌ಬರ್ಡ್‌ನ ಓಪನ್‌ಪಿಜಿಪಿ ಕೀ ಮ್ಯಾನೇಜರ್‌ನಲ್ಲಿ ಇಂಪೋರ್ಟ್ ಮಾಡಿ. ಅಷ್ಟೇ ಸಾಲದು: ಅಕೌಂಟ್ ಸೆಟ್ಟಿಂಗ್ಸ್‌ನ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಪುಟದಲ್ಲಿ ಆ ಕೀಯನ್ನು ಆರಿಸಲೇಬೇಕು. (ಇದನ್ನು ಮರೆತು ನಾನೊಂದು ಸಂಜೆ ಪೂರ್ತಿ ತಲೆ ಕೆರ್ಕೊಂಡಿದ್ದೆ.) ಆಮೇಲೂ ಹಠ ಮಾಡಿದ್ರೆ ಕೀ ಅವಧಿ ಮುಗಿದಿದೆಯಾ, ಕೀಯಲ್ಲಿರೋ ವಿಳಾಸದಿಂದಲೇ ಮೇಲ್ ಕಳಿಸ್ತಿದ್ದೀರಾ ನೋಡಿ.

ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಡೌನ್‌ಲೋಡ್ಸ್‌ನಲ್ಲೇ ಬಿಟ್ಟಿರಬೇಡಿ, ಕೆಲಸ ಆದ ತಕ್ಷಣ ಅಳಿಸಿ.