ಕಾರಿನ ಕಾಯಿಲೋವರ್ ಕಾಲರ್ ಜಾಮ್ ಆಗಿದೆ, ಸುತ್ತಿಗೆ ಹಿಡಿಯಲೇ?

ಎರಡು ಮಳೆಗಾಲ ಕಾಯಿಲೋವರ್ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್ ಇರುವ, ಕಾರಿನ ಎತ್ತರ ಹೊಂದಿಸಬಹುದಾದ ಜೋಡಣೆ) ಮುಟ್ಟಿಲ್ಲ, ಈಗ ಕಾರನ್ನು ಸ್ವಲ್ಪ ಎತ್ತರಿಸಬೇಕು, ಕಾಲರ್ (ಶಾಕ್‌ನ ಮೈಮೇಲಿನ ಥ್ರೆಡ್ಡಿನಲ್ಲಿ ತಿರುಗಿ ಸ್ಪ್ರಿಂಗ್ ಹೊರುವ ಬಳೆ) ಅಲುಗುತ್ತಿಲ್ಲ, ಅದರ ಹಲ್ಲಿಗೆ ಸಿಕ್ಕಿಸಿ ತಿರುಗಿಸುವ ಕೊಕ್ಕೆಯಂಥ ಸಿ-ಪಾನಾ ಜಾರುತ್ತಿದೆ ಅಂದಿದ್ದೀರಿ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯಲೇ ಅಂತ ಕೇಳಿದ್ದೀರಿ.

ಬೇಡ. ನಾನು ಹೊಡೆದು ಕೆಟ್ಟವನು.

ನನ್ನದು ಹುಬ್ಬಳ್ಳಿ. ಕಾರು ವಾರಕ್ಕೆರಡು ಸಲ ನವಲಗುಂದದ ಕಡೆ ಎರೆ ಹೊಲಗಳ ದಾರಿಯಲ್ಲಿ ಓಡುತ್ತಿತ್ತು. ನಡುವೆ ಅರಬೈಲ್ ಘಾಟ್ ಇಳಿದು ಕಾರವಾರದ ಕಡಲ ದಂಡೆಗೂ ಹೋಗಿ ಬಂದಿತ್ತು. ಎರೆ ಮಣ್ಣು ಹಸಿ ಇದ್ದಾಗ ಅಂಟುತ್ತೆ, ಒಣಗಿದರೆ ಇಟ್ಟಿಗೆ. ಅದಕ್ಕೆ ಕಡಲ ಉಪ್ಪು ಬೇರೆ ಸೇರಿತು. ನನ್ನ ಶಾಕ್‌ನ ಮೈ ಉಕ್ಕಿನದು, ಕಾಲರ್ ಅಲ್ಯೂಮಿನಿಯಂ. ಈ ಎರಡು ಲೋಹ ತಾಗಿಕೊಂಡಿದ್ದು, ಮಧ್ಯೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತೆ. ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ಬಿಗಿದು ಕೂರುತ್ತೆ. ನಾನು ಉಳಿ ಇಟ್ಟು ನಾಲ್ಕು ಏಟು ಹಾಕಿದೆ. ಕಾಲರಿನ ಎರಡು ಹಲ್ಲು ಕಿತ್ತು ಬಂದವು. ಕಾಲರ್ ಇದ್ದಲ್ಲೇ ಇತ್ತು!

ಲೇಥ್ ಅಂಗಡಿಯ ಹಿರಿಯರೊಬ್ಬರು ನೋಡಿ, 'ತಮ್ಮಾ, ಮೊದಲ ತೊಳಿ, ಆಮ್ಯಾಲೆ ತಿರುವು' ಅಂದರು. ನಾನು ಮಾಡಿದ್ದು ಸರಿಯಾಗಿ ತಿರುವುಮುರುವು. ಕೊಳೆ ಇರುವ ಥ್ರೆಡ್ ಮೇಲೆ ಕಾಲರ್ ತಿರುಗಿಸಿದರೆ ಮರಳು ಒಳಗೆ ಎಳೆದುಕೊಂಡು ಇನ್ನೂ ಬಿಗಿಯಾಗುತ್ತೆ. ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡೇ ಹರಿದುಹೋಗುತ್ತೆ.

ಹಾಗಾಗಿ ಕಾರನ್ನು ಜಾಕ್ ಮೇಲಷ್ಟೇ ನಂಬದೆ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ. ಕಾಲರ್ ಈಗ ಎಲ್ಲಿದೆ ಅಂತ ಅಳೆದು ಬರೆದಿಡಿ. ಬಿಸಿನೀರು, ಸೋಪು, ಹಿತ್ತಾಳೆ ಬ್ರಷ್ ಹಿಡಿದು ಕಾಲರಿನ ಮೇಲೂ ಕೆಳಗೂ ಕಾಣುವ ಥ್ರೆಡ್ಡೆಲ್ಲ ಹೊಳೆಯುವ ತನಕ ಉಜ್ಜಿ. ಅರ್ಧ ಗಂಟೆಯಾದರೂ ಹಿಡಿಯುತ್ತೆ, ಬೇಜಾರಿನ ಕೆಲಸ. ಉಜ್ಜುವಾಗಲೇ ಕಾಲರಿನ ಪಕ್ಕದಲ್ಲಿ ಸಣ್ಣ ಅಲೆನ್ ಸ್ಕ್ರೂ ಇದೆಯಾ ನೋಡಿ. ಕೆಲವು ಮಾದರಿಗಳಲ್ಲಿ ಇರುತ್ತೆ, ಮಣ್ಣಲ್ಲಿ ಮುಚ್ಚಿಹೋಗಿರುತ್ತೆ. ಅದನ್ನು ಸಡಿಲಿಸದೆ ಭೀಮ ಬಂದರೂ ತಿರುಗಲ್ಲ.

ಒಣಗಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೊಮ್ಮೆ. ಬ್ರೇಕ್ ಡಿಸ್ಕ್ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು, ಬಟ್ಟೆ ಮುಚ್ಚಿ.

ಎರಡು ಕಾಲರ್ ಒಂದಕ್ಕೊಂದು ಬಿಗಿದಿದ್ದರೆ ಮೊದಲು ಲಾಕ್ ಕಾಲರನ್ನು ಸ್ಪ್ರಿಂಗ್ ಹೊತ್ತ ಕಾಲರಿನಿಂದ ದೂರಕ್ಕೆ ಬಿಡಿಸಿ. ಪಾನಾ ಅಳತೆಗೆ ಸರಿಯಾದದ್ದೇ ಇರಲಿ. ಜಾರುವ ಪಾನಾನೇ ಅರ್ಧ ರೋಗ. ಒಂದು ಕೂದಲೆಳೆಯಷ್ಟು ಅಲುಗಿದರೆ ಸಾಕು, ಮುಂದಕ್ಕೆ ಹಟ ಮಾಡಬೇಡಿ. ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಡಿ, ಮತ್ತೆ ಮುಂದಕ್ಕೆ. ಸ್ಪ್ರಿಂಗ್ ಭಾರ ಇನ್ನೂ ಜಾಸ್ತಿ ಅನಿಸಿದರೆ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಸೇರಿದ ಇಡೀ ಜೋಡಣೆ) ಇಳಿಸಿ, ಸ್ಪ್ರಿಂಗ್ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಅದುಮಿ. ಅಭ್ಯಾಸ ಇಲ್ಲದಿದ್ದರೆ ಈ ಕೆಲಸ ಗ್ಯಾರೇಜಿಗೆ ಬಿಡಿ, ಸಿಡಿದ ಸ್ಪ್ರಿಂಗ್ ಮುಖ ನೋಡಲ್ಲ.

ಅಷ್ಟಕ್ಕೂ ಜಗ್ಗದಿದ್ದರೆ ಎಣ್ಣೆ ಪೂರ್ತಿ ಒರೆಸಿ, ಹೀಟ್ ಗನ್‌ನಿಂದ ಕಾಲರಿಗೆ ಮಾತ್ರ ಬಿಸಿ ಕೊಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಬಿಡುತ್ತೆ. ಗ್ಯಾಸ್ ಟಾರ್ಚ್ ಬೇಡವೇ ಬೇಡ. ಶಾಕ್ ಒಳಗೆ ಎಣ್ಣೆ ಇದೆ, ರಬ್ಬರ್ ಸೀಲ್ ಇದೆ, ಹಲವದರಲ್ಲಿ ಒತ್ತಡದ ನೈಟ್ರೋಜನ್ ಕೂಡ.

ನನ್ನ ಹಲ್ಲು ಮುರಿದ ಕಾಲರಿಗೆ ಇದ್ಯಾವುದೂ ನಾಟಲಿಲ್ಲ. ಸ್ಪ್ರಿಂಗ್ ತೆಗೆದು, ಕಾಲರನ್ನು ಗರಗಸದಿಂದ ಥ್ರೆಡ್ ಮುಟ್ಟುವ ಮೊದಲೇ ನಿಲ್ಲಿಸಿ ಸೀಳಿ, ಉಳಿದದ್ದನ್ನು ಬಿರಿದು ತೆಗೆದೆವು. ಹೊಸ ಕಾಲರ್ ತರಿಸಬೇಕಾಯಿತು.

ಕೆಲಸ ಮುಗಿದ ಮೇಲೆ ಥ್ರೆಡ್ಡಿಗೆ ಗ್ರೀಸ್ ಮೆತ್ತಬೇಡಿ, ನಮ್ಮ ಧೂಳಿಗೆ ಅದು ಅಂಟಿನ ಹಾಗೆ. ಒಣಗಿ ಕೂರುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹೊಡೆಯಿರಿ. ಎತ್ತರ ಬದಲಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲವಾದರೆ ಟೈರ್ ಒಂದೇ ಕಡೆ ಸವೆಯುತ್ತೆ.