ಕುಂತಿಯ ಮಾತನ್ನು ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಬೇಡಿ

ನಾಟಕದ ಮಾತು ಬಾಯಿಪಾಠ ಮಾಡೋಕೆ, ಎದುರು ಪಾತ್ರದ ಮಾತನ್ನೂ ಸೇರಿಸಿ ಇಡೀ ನಾಟಕವನ್ನು ನಿಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ, ದಾವಣಗೆರೆ-ಚಿತ್ರದುರ್ಗ ಬಸ್ಸಿನಲ್ಲಿ ದಿನಾ ಕೇಳುತ್ತಿದ್ದೇನೆ ಅಂತ ಬರೆದಿದ್ದೀರಿ. ಇವತ್ತೇ ನಿಲ್ಲಿಸಿ. ನಾನೂ ಇದೇ ತಪ್ಪು ಮಾಡಿದ್ದೆ.

ನಮ್ಮೂರ ಜಾತ್ರೆಗೆ ಕುರುಕ್ಷೇತ್ರ, ನನ್ನದು ಕರ್ಣ. ಸ್ತ್ರೀ ಪಾತ್ರದವರು ಕೊನೆ ತಾಲೀಮಿಗೆ ಮಾತ್ರ ಬರೋದು ನಿಮಗೂ ಗೊತ್ತಲ್ವಾ? ಅದಕ್ಕೇ ಕುಂತಿ ಮಾತನ್ನೂ ನಾನೇ ಓದಿ ರೆಕಾರ್ಡ್ ಮಾಡಿಕೊಂಡೆ. ಒಂದು ತಿಂಗಳು ಕೇಳಿದೆ. ಒಂದಕ್ಷರ ತಪ್ಪುತ್ತಿರಲಿಲ್ಲ. ಆವತ್ತು ರಾತ್ರಿ ಕುಂತಿ ಅಳುತ್ತಾ ನಡುವಿನ ಎರಡು ಮಾತು ಹಾರಿಸಿ, ಸೀದಾ ಕೊನೆ ಮಾತಿಗೆ ಬಂದರು. ನನ್ನ ಕಿವಿ ಆ ಬಿಟ್ಟುಹೋದ ಮಾತಿಗೇ ಕಾಯುತ್ತಾ ಕೂತಿತ್ತು. ಆಕೆ ನನ್ನ ತೋಳು ಹಿಡಿದು ಅಲುಗಾಡಿಸಿದರು. ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಂನಲ್ಲಿ ಕಂದದ, ಅಂದರೆ ನಾನು ಹಾಡಬೇಕಾದ ಪದ್ಯದ, ಶ್ರುತಿ ಎರಡು ಸಲ ಹಿಡಿದ ಮೇಲೆ ಬಾಯಿ ಬಂತು. ಬಂದದ್ದೂ ರೆಕಾರ್ಡಿಂಗಿನ ರಾಗದಲ್ಲೇ. ಕರ್ಣನ ಕರುಳು ಕಿತ್ತು ಬರಬೇಕಾದ ಜಾಗದಲ್ಲಿ ಮಗ್ಗಿ ಒಪ್ಪಿಸಿದ ಹಾಗಾಯ್ತು.

ಈಗ ನಾನು ಮಾಡೋದು ಹೀಗೆ. ನನ್ನ ಮಾತು ರೆಕಾರ್ಡಿಂಗಿನಲ್ಲಿ ಇರೋದೇ ಇಲ್ಲ. ಎದುರಿನವರ ಮಾತು ಅವರ ದನಿಯಲ್ಲೇ ಬೇಕು. ಕಲಾವಿದೆಗೆ ಮುಂಚೆಯೇ ಫೋನ್ ಮಾಡಿ, 'ಅಕ್ಕಾ, ನಿಮ್ಮ ಮಾತಷ್ಟೂ ವಾಟ್ಸಾಪಿನಲ್ಲಿ ಕಳಿಸ್ತೀರಾ' ಅಂತ ಕೇಳಿ. ಮರ್ಯಾದೆಯಿಂದ ಕೇಳಿದರೆ ಕಳಿಸುತ್ತಾರೆ. ಅವರ ಮಾತಿನ ನಡುವೆ ನಿಮ್ಮ ಮಾತಿಗೆ ಹಿಡಿಯುವಷ್ಟು ಖಾಲಿ ಜಾಗ ಬಿಡಿ. ಅದಕ್ಕೆ ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನೋ ಧ್ವನಿ ಕತ್ತರಿಸಿ ಜೋಡಿಸುವ ತಂತ್ರಾಂಶ ಸಾಕು, ದುಡ್ಡು ಕೊಡಬೇಕಿಲ್ಲ. ಸುಮ್ನೆ ದುಬಾರಿ ಮೈಕ್ ಕೊಳ್ಳಬೇಡಿ. ಮೊದಲ ವಾರ ಎರಡು ಸೆಕೆಂಡ್ ಜಾಸ್ತಿ ಬಿಡಿ, ಆಮೇಲೆ ಕತ್ತರಿಸಿ. ಮಾತು ಕೂತ ಮೇಲೆ ತುಣುಕುಗಳನ್ನು ಹಿಂದೆಮುಂದೆ ಮಾಡಿ ಹಾಕಿ. ಎಲ್ಲಿಂದ ಎತ್ತಿದರೂ ಉತ್ತರ ಬರಬೇಕು.

ಉದ್ದನೆಯ ಸ್ವಗತ ಇದ್ದರೆ ಮಾತ್ರ ನಿಮ್ಮ ದನಿ ಪರವಾಗಿಲ್ಲ. ಆದರೆ ಭಾವ ಹಾಕದೆ, ಸಪ್ಪೆಯಾಗಿ ಓದಿ. ತಪ್ಪು ಹಿಡಿಯೋಕಷ್ಟೇ ಅದು. ಕಂದ, ಪದ್ಯಗಳ ಮಟ್ಟನ್ನು ಮೇಷ್ಟ್ರ ಹತ್ತಿರವೇ ಹಾಡಿಸಿ ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ. ಬೈಕ್ ಓಡಿಸುವಾಗ ಕಿವಿಗೆ ಇಯರ್‌ಫೋನ್ ಹಾಕಲೇಬೇಡಿ, ಇದನ್ನು ಬೈದೇ ಹೇಳುತ್ತಿದ್ದೇನೆ. ಮತ್ತೆ, ಕೈಯಲ್ಲಿ ಒಂದು ಸಲವೂ ಬರೆಯದೆ ರೆಕಾರ್ಡಿಂಗಿಗೆ ಕೂರಬೇಡಿ. ಅರ್ಥ ಆಗದ ಮಾತು ಎಷ್ಟು ಕೇಳಿದರೂ ನಿಲ್ಲೋದಿಲ್ಲ.

ನವೆಂಬರಿನಲ್ಲಿ ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋದರೆ, ರಂಗದ ಮೇಲೆ ಮಾತಾಡುವವರನ್ನು ಬಿಟ್ಟು ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಾ ನಿಂತವರ ಮುಖ ನೋಡಿ. ನಿಮ್ಮ ಪ್ರದರ್ಶನಕ್ಕೆ ಇಪ್ಪತ್ತು ದಿನ ಇದೆ ಅಂದಿರಿ. ಕೊನೆ ನಾಲ್ಕು ದಿನ ರೆಕಾರ್ಡಿಂಗ್ ಬಂದ್. ಮನೆಯಲ್ಲಿ ಯಾರಿಗಾದರೂ ಪುಸ್ತಕ ಕೊಟ್ಟು, ಬೇಕಂತಲೇ ಮಾತು ಹಾರಿಸಿ ಓದೋಕೆ ಹೇಳಿ.