ತಾಮ್ರದ ಬಣ್ಣದ 1943ರ ಪೆನ್ನಿ ಸಿಕ್ಕರೆ ಮೊದಲು ಮ್ಯಾಗ್ನೆಟ್ ಹುಡುಕಿ

ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 2025ರ ನವೆಂಬರ್ 12ರಂದು ಚಲಾವಣೆಗೆಂದು ಕೊನೆಯ ಪೆನ್ನಿ, ಅಂದರೆ ಒಂದು ಸೆಂಟ್ ನಾಣ್ಯ, ಅಚ್ಚಾಯಿತು. ಅವತ್ತಿಂದ ಪತ್ರಗಳು ಒಂದೇ ಸಮನೆ ಬರುತ್ತಿವೆ. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿ ಬಂದವರು, ಅಲ್ಲೇ ನೆಲೆಸಿದವರು, ಎಲ್ಲರ ಹತ್ತಿರವೂ ಒಂದು ಚಿಲ್ಲರೆ ಡಬ್ಬಿ. ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಒಂದಕ್ಕೆ ವಿವರವಾಗಿ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಜಾಗವೂ ಬೇಡ, ನನಗೆ ತಾಳ್ಮೆಯೂ ಇಲ್ಲ.

ಪ್ರಶ್ನೆ: ಸರ್, ಮಗನ ಮನೆಯ ಚಿಲ್ಲರೆ ಡಬ್ಬಿಯಲ್ಲಿ 1943ರ ಪೆನ್ನಿ ಸಿಕ್ಕಿದೆ. ಬಣ್ಣ ತಾಮ್ರದ್ದೇ. ಯೂಟ್ಯೂಬ್‌ನಲ್ಲಿ ಇದಕ್ಕೆ ಕೋಟಿ ರೂಪಾಯಿ ಅಂತಾರೆ. ಎಲ್ಲಿ ಮಾರಬೇಕು?

ಉತ್ತರ: ಮಾರುವ ಮಾತು ಆಮೇಲೆ. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್‌ಗೆ ತಾಗಿಸಿ ನೋಡಿದಿರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಿತ್ತು. ಅದಕ್ಕೇ ಆ ವರ್ಷ ಪೆನ್ನಿಯನ್ನು ಸತುವಿನ ಲೇಪನ ಕೊಟ್ಟ ಉಕ್ಕಿನಲ್ಲಿ ಮಾಡಿದರು. ಫಿಲಡೆಲ್ಫಿಯಾ, ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೋ ಮೂರೂ ಸೇರಿ 100 ಕೋಟಿಗೂ ಜಾಸ್ತಿ. ಆದರೆ ಹಿಂದಿನ ವರ್ಷದ ಒಂದಿಷ್ಟು ಕಂಚಿನ (ಹೆಚ್ಚಿನಂಶ ತಾಮ್ರವೇ) ಖಾಲಿ ಬಿಲ್ಲೆಗಳು ತೊಟ್ಟಿಯ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದು, ಆಮೇಲೆ ಉಕ್ಕಿನ ಬಿಲ್ಲೆಗಳ ಜೊತೆ ಅಚ್ಚಿಗೆ ಹೋದವು ಎಂಬುದು ಬಲ್ಲವರ ಮಾತು. ಕೋಟಿ ಬೆಲೆ ಅಂತ ನೀವು ಕೇಳಿದ್ದು ಇವುಗಳದ್ದೇ. ಉಳಿದಿರುವುದು ತೀರಾ ಕಮ್ಮಿ. ಡೆನ್ವರ್‌ನದಂತೂ ಗೊತ್ತಿರುವುದು ಒಂದೇ ಒಂದು.

ಕತೆ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಮೆಸಾಚುಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ಹೈಸ್ಕೂಲ್ ಹುಡುಗನೊಬ್ಬನಿಗೆ 1947ರಲ್ಲಿ ಕ್ಯಾಂಟೀನ್ ಚಿಲ್ಲರೆಯಲ್ಲಿ ಅಂಥದ್ದೊಂದು ಸಿಕ್ಕಿತು. ಇದನ್ನು ತಂದುಕೊಟ್ಟವರಿಗೆ ಫೋರ್ಡ್ ಕಾರು ಕೊಡುತ್ತಾರೆ ಅಂತ ಆಗ ಗಾಳಿಸುದ್ದಿ ಇತ್ತು. ವಿಚಾರಿಸಿದರೆ ಅದು ಬರೀ ಸುಳ್ಳು. ಖಜಾನೆ ಇಲಾಖೆಯವರೋ, 1943ರಲ್ಲಿ ತಾಮ್ರದ ಪೆನ್ನಿ ಮಾಡಿಯೇ ಇಲ್ಲ ಅಂದುಬಿಟ್ಟರು. ಆತ ಅದನ್ನು ಜೀವಮಾನವಿಡೀ ಇಟ್ಟುಕೊಂಡಿದ್ದ. 2019ರ ಹರಾಜಿನಲ್ಲಿ ಅದಕ್ಕೆ 2,04,000 ಡಾಲರ್ ಬಂತು. ಆಗಿನ ಲೆಕ್ಕದಲ್ಲಿ ಕೋಟಿ ರೂಪಾಯಿಗೂ ಮೇಲೆ.

ಇಷ್ಟು ದುಡ್ಡು ಇರುವ ಕಡೆ ನಕಲಿ ಹುಟ್ಟದೇ ಇರುತ್ತಾ? ಸುಲಭದ ನಕಲಿ ಅಂದರೆ ಉಕ್ಕಿನ 1943ಕ್ಕೇ ತಾಮ್ರದ ಲೇಪನ ಹೊಡೆಯುವುದು. ಮ್ಯಾಗ್ನೆಟ್‌ಗೆ ಅಂಟಿದರೆ ನಿಮ್ಮದೂ ಅದೇ. ಆಟ ಮುಗಿಯಿತು, ಮೊಮ್ಮಗನಿಗೆ ಆಡಲು ಕೊಡಿ.

ಅಂಟಲಿಲ್ಲವಾ? ಖುಷಿಪಡಬೇಡಿ, ಅನುಮಾನ ಜಾಸ್ತಿ ಮಾಡಿಕೊಳ್ಳಿ. 1948ರ ಪೆನ್ನಿ ಕಂಚಿನದ್ದೇ, ಅದೂ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಅದರ 8ರ ಎಡಭಾಗ ಕೆರೆದರೆ 3 ಆಗುತ್ತದೆ. ಭೂತಗನ್ನಡಿ ಹಿಡಿದು ಆ 3 ಅನ್ನೇ ನೋಡಿ. ಅಸಲಿ 1943ರಲ್ಲಿ 3ರ ಬಾಲ ಪಕ್ಕದ ಅಂಕಿಗಳಿಗಿಂತ ಕೆಳಗೆ ಉದ್ದಕ್ಕೆ ಇಳಿದಿರುತ್ತದೆ. ಕೆರೆದ 3ಕ್ಕೆ ಆ ಬಾಲ ಬರುವುದಿಲ್ಲ, ಮೊಂಡಾಗಿರುತ್ತದೆ. ನಂಬಿಕೆ ಬರದಿದ್ದರೆ ಉಕ್ಕಿನ 1943 ಒಂದನ್ನು ಪಕ್ಕಕ್ಕಿಟ್ಟು ಹೋಲಿಸಿ. ಸವೆದದ್ದಾದರೆ ಒಂದು ಡಾಲರ್‌ಗೂ ಕಮ್ಮಿಗೆ ಸಿಗುತ್ತದೆ. (ಫಳಫಳ ಹೊಳೆಯುವುದನ್ನು ಜಾಸ್ತಿ ಕೊಟ್ಟು ತಗೋಬೇಡಿ. ಎಷ್ಟೋ ಸಲ ಅದು ಈಚೆಗೆ ಮತ್ತೆ ಲೇಪನ ಕೊಟ್ಟದ್ದಾಗಿರುತ್ತದೆ.)

ಆಮೇಲೆ ತೂಕ. ಕಂಚಿನ ಪೆನ್ನಿ 3.11 ಗ್ರಾಂ, ಉಕ್ಕಿನದು 2.7 ಗ್ರಾಂ ಆಸುಪಾಸು. ತರಕಾರಿ ತಕ್ಕಡಿ ಸಾಲದು, ಚಿನ್ನ ತೂಗುವ ಅಂಗಡಿಗೆ ಹೋಗಿ. ಇನ್ನೊಂದು ಗುರುತಿದೆ, ಆದರೆ ಅದು ಪಳಗಿದ ಕಣ್ಣಿಗೇ ಕಾಣುವುದು. ಉಕ್ಕು ಗಟ್ಟಿ, ಅದಕ್ಕೆ ಹೊಂದಿಸಿದ ಒತ್ತಡದಲ್ಲೇ ಮೆತ್ತನೆಯ ಕಂಚೂ ಅಚ್ಚಾಗಿದೆ. ಹಾಗಾಗಿ ಅಸಲಿಯಲ್ಲಿ ಅಂಚಿನ ಹತ್ತಿರದ ಅಕ್ಷರಗಳು ಚೂಪಾಗಿ ಮೂಡಿರುತ್ತವೆ.

ಇಷ್ಟೆಲ್ಲ ದಾಟಿದರೂ ಅಸಲಿ ಅಂತಲ್ಲ. ಹೊಸ ಅಚ್ಚು ಮಾಡಿ ಒತ್ತಿದ ನಕಲಿಗಳೂ ಇವೆ. ಆ ಹಂತಕ್ಕೆ ಬಂದರೆ ನಾಣ್ಯ ಪರೀಕ್ಷಿಸುವ ಅಮೆರಿಕದ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಗೆ ದುಡ್ಡು ಕಟ್ಟಿ ಪರೀಕ್ಷೆ ಮಾಡಿಸಬೇಕು. ವಾಟ್ಸಾಪ್ ಫೋಟೋ ನೋಡಿ ‘ಅಸಲಿ’ ಎಂದು ಸರ್ಟಿಫಿಕೇಟ್ ಕೊಡುವ ಪಂಡಿತರು ನಮ್ಮಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಫೋಟೋಗೆ ಮ್ಯಾಗ್ನೆಟ್ ಹಿಡಿಯೋಕಾಗುತ್ತಾ? ನನಗೂ ಫೋಟೋ ಕಳಿಸಬೇಡಿ.

ಪ್ರಶ್ನೆ: ಹಳೆಯದಾದಷ್ಟೂ ಬೆಲೆ ಜಾಸ್ತಿ ಅಲ್ವಾ ಸರ್?

ಉತ್ತರ: ಅಲ್ಲ. 1909ರಲ್ಲಿ ಲಿಂಕನ್ ಪೆನ್ನಿ ಶುರುವಾದಾಗ ಕಲಾವಿದ ಬ್ರೆನ್ನರ್ ಹೆಸರಿನ ವಿಡಿಬಿ ಅಕ್ಷರಗಳು ಹಿಂಬದಿಯಲ್ಲಿದ್ದವು. ಅದು ಗಲಾಟೆಯಾಗಿ ಕೆಲವೇ ದಿನಗಳಲ್ಲಿ ತೆಗೆದರು. ಅಷ್ಟರಲ್ಲಿ ಫಿಲಡೆಲ್ಫಿಯಾದಲ್ಲಿ ಸುಮಾರು 2.8 ಕೋಟಿ ಅಚ್ಚಾಗಿತ್ತು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 4,84,000 ಮಾತ್ರ. ಅದೇ ವರ್ಷ, ಅದೇ ಚಿತ್ರ. ಮೊದಲನೆಯದು ಸುಲಭಕ್ಕೆ ಸಿಗುತ್ತದೆ, ಇಸವಿಯ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋದ ‘ಎಸ್’ ಇರುವುದಕ್ಕೆ ಸವೆದಿದ್ದರೂ ನೂರಾರು ಡಾಲರ್. ಎಸ್ ಅಕ್ಷರವನ್ನು ಆಮೇಲೆ ಅಂಟಿಸಿದ ನಕಲಿಗಳೂ ಧಾರಾಳ.

ಪ್ರಶ್ನೆ: ನನ್ನ 1964ರ ಪೆನ್ನಿಯಲ್ಲಿ ಟಂಕಸಾಲೆಯ ಅಕ್ಷರವೇ ಇಲ್ಲ. ಇದು ಅಪರೂಪದ ತಪ್ಪಂತೆ?

ಉತ್ತರ: ಫಿಲಡೆಲ್ಫಿಯಾದವರು ಪೆನ್ನಿಗೆ ‘ಪಿ’ ಹಾಕಿದ್ದು 2017ರಲ್ಲಿ ಮಾತ್ರ. ನಿಮ್ಮದರ ಬೆಲೆ ಒಂದು ಸೆಂಟ್.

ಪ್ರಶ್ನೆ: ಕಪ್ಪಾಗಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿದೆವು. ಈಗ ಚೆನ್ನಾಗಿ ಹೊಳೆಯುತ್ತಿದೆ. ಬೆಲೆ ಎಷ್ಟಾಗಬಹುದು?

ಉತ್ತರ: ತಿಕ್ಕುವ ಮೊದಲು ಕೇಳಬೇಕಿತ್ತು.

ಪ್ರಶ್ನೆ: 1982ಕ್ಕಿಂತ ಹಿಂದಿನದರಲ್ಲಿ 95% ತಾಮ್ರ ಇದೆಯಂತೆ. ಕರಗಿಸಿದರೆ ಲಾಭವಾ?

ಉತ್ತರ: ಅಮೆರಿಕದಲ್ಲಿ 2006ರ ಕೊನೆಯಿಂದ ಅದು ಅಪರಾಧ. ಮುಂದಿನದು.

ಪ್ರಶ್ನೆ: ಪೆನ್ನಿ ಮಾಡುವುದೇ ನಿಂತಿತಲ್ಲ, ಇರುವುದಕ್ಕೆಲ್ಲ ಬೆಲೆ ಏರುತ್ತಾ?

ಉತ್ತರ: ಚಲಾವಣೆಯಲ್ಲಿ 30,000 ಕೋಟಿ ಪೆನ್ನಿ ಇವೆ ಅಂತ ಅಲ್ಲಿನ ಸರ್ಕಾರದ ಅಂದಾಜು. ನೀವೇ ಹೇಳಿ.

ಪ್ರಶ್ನೆ: ಒಬ್ಬರು ನಮ್ಮ ಪೆನ್ನಿಗೆ 12 ಲಕ್ಷ ಕೊಡುತ್ತೇವೆ ಅಂದಿದ್ದಾರೆ. ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ. ರಿಸರ್ವ್ ಬ್ಯಾಂಕ್ ಲೋಗೋ ಇರುವ ಪತ್ರವನ್ನೂ ಕಳಿಸಿದ್ದಾರೆ. ನಂಬಬಹುದಾ?

ಉತ್ತರ: ಒಂದು ಪೈಸೆಯನ್ನೂ ಕಳಿಸಬೇಡಿ. ಹಳೆಯ ನಾಣ್ಯ, ನೋಟಿನ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಫೀಸೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಪ್ರಕಟಣೆ ಕೊಟ್ಟಿದೆ. ಕೊಳ್ಳುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಈಗಾಗಲೇ ಕಟ್ಟಿದ್ದರೆ ಈ ಪುಟ ಓದುವುದು ಬಿಟ್ಟು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.